ಎರಡು ತಲಾಂತಿನವನ ಕೃತಜ್ಞತೆ

ಕಳೆದ ಏಳು ತಿಂಗಳಲ್ಲಿ ನನಗಾಗಿ ಪ್ರಾರ್ಥಿಸಿದವರಿಗೆ, ಆಸ್ಪತ್ರೆಯಲ್ಲಿ ಪಕ್ಕಕ್ಕೆ ಬಂದು ಸುಮ್ಮನೆ ಕುಳಿತವರಿಗೆ, ಫೋನ್ ಮಾಡಿ ನನ್ನ ಕಣ್ಣಿನ ವಿಷಯ ಎತ್ತದೆ ಊರ ಸುದ್ದಿಯನ್ನೆಲ್ಲ ಹೇಳಿ ನಗಿಸಿದವರಿಗೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಪತ್ರ ಬರೆಯಬೇಕೆಂದಿದ್ದೆ. ಬಲಗಣ್ಣು ಇನ್ನೂ ಬೇಗ ದಣಿಯುವುದರಿಂದ ಅಷ್ಟು ಪತ್ರಗಳಿಗೆ ಬದಲಾಗಿ ಈ ಒಂದೇ ಬರಹವನ್ನು ಎಲ್ಲರ ಮುಂದಿಡುತ್ತಿದ್ದೇನೆ. ಹೋದ ವಾರ, ಶಸ್ತ್ರಚಿಕಿತ್ಸೆಯ ನಂತರ ಮೊದಲ ಬಾರಿಗೆ, ಒಂದು ಪುಸ್ತಕದ ಕರಡಚ್ಚನ್ನು ಮೊದಲಿನಿಂದ ಕೊನೆಯವರೆಗೆ ನಾನೇ ತಿದ್ದಿ ಮುಗಿಸಿದೆ. ಇದನ್ನು ಬರೆಯಲು ಅದೇ ನೆಪ.

ಇಪ್ಪತ್ತಾರು ವರ್ಷಗಳಿಂದ ನನ್ನ ಉದ್ಯೋಗ ಪ್ರೂಫ್ ನೋಡುವುದು. ಇನ್ನೊಬ್ಬರು ಬರೆದದ್ದರಲ್ಲಿ ಬಿಟ್ಟುಹೋದ ಒತ್ತಕ್ಷರ, ಜಾರಿದ ದೀರ್ಘ, ಮಹಾಪ್ರಾಣ ಬರಬೇಕಾದಲ್ಲಿ ಬಂದು ಕುಳಿತ ಅಲ್ಪಪ್ರಾಣ ಇವುಗಳನ್ನು ಹಿಡಿದು ಅಂಚಿನಲ್ಲಿ ಗುರುತು ಹಾಕುವ ಕೆಲಸ. ಪುಟವನ್ನು ಕೈಗೆ ತೆಗೆದುಕೊಂಡ ಕೂಡಲೇ ತಪ್ಪಿದ ಅಕ್ಷರ ನನ್ನ ಕಣ್ಣಿಗೆ ತಾನಾಗಿ ಬಂದು ತಾಗುತ್ತದೆ, ಚಿಕ್ಕಂದಿನಿಂದಲೂ ಹೀಗೆಯೇ. ಇದು ನಾನು ಕಷ್ಟಪಟ್ಟು ಗಳಿಸಿದ್ದಲ್ಲ, ಕೊಟ್ಟದ್ದು. ಆದರೆ ಅದನ್ನು ದೇವರ ಕೊಡುಗೆ ಎಂದು ನಾನು ಯಾವತ್ತೂ ಕರೆದಿರಲಿಲ್ಲ, ಏಕೆಂದರೆ ನಾನು ಬೇಡಿದ್ದು ಬೇರೆಯದನ್ನು. ನನಗೆ ಕವಿಯಾಗಬೇಕಿತ್ತು.

ನನ್ನೊಂದಿಗೆ ಒಂದೇ ಬೆಂಚಿನಲ್ಲಿ ಕುಳಿತು ಓದಿದ ಗೆಳೆಯ ಕವಿಯಾದ. ಕಾಲೇಜಿನ ಕೈಬರಹದ ಪತ್ರಿಕೆಯಲ್ಲಿ ನಮ್ಮಿಬ್ಬರ ಪದ್ಯಗಳು ಎದುರುಬದುರಾಗಿ ಬಂದಿದ್ದವು. ಆಮೇಲೆ ಅವನದು ಪುಸ್ತಕಗಳಾದವು, ನನ್ನದು ಕಪಾಟಿನ ತಳ ಸೇರಿತು. ಅಮೆರಿಕದ ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಮಂಡಿಸಿದ ಸಾಮಾಜಿಕ ಹೋಲಿಕೆಯ ಸಿದ್ಧಾಂತದಲ್ಲಿ ಒಂದು ಮಾತಿದೆ: ಮನುಷ್ಯ ತನ್ನ ಸಾಮರ್ಥ್ಯವನ್ನು ಅಳೆದುಕೊಳ್ಳುವಾಗ ತನಗಿಂತ ಬಹಳ ದೂರದಲ್ಲಿರುವವರನ್ನು ಬಿಟ್ಟು ತನಗೆ ಹತ್ತಿರವಿರುವವರನ್ನೇ ಅಳತೆಗೋಲಾಗಿ ಆರಿಸಿಕೊಳ್ಳುತ್ತಾನೆ. ಇದು ನನ್ನ ಮಟ್ಟಿಗೆ ಅಕ್ಷರಶಃ ನಿಜ. ಮಹಾಕವಿಗಳನ್ನು ಓದಿ ನಾನು ಒಂದು ರಾತ್ರಿಯೂ ನಿದ್ದೆಗೆಟ್ಟವನಲ್ಲ. ಗೆಳೆಯನ ಹೊಸ ಸಂಕಲನದ ಸುದ್ದಿ ಬಂದ ರಾತ್ರಿ ಮಾತ್ರ ನಿದ್ದೆ ಬರುತ್ತಿರಲಿಲ್ಲ.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳದೆ ಧನ್ಯವಾದ ಹೇಳಿದರೆ ಅದು ಅರ್ಧ ಸುಳ್ಳಾಗುತ್ತದೆ. ಅವನ ಪುಸ್ತಕಗಳ ಕರಡಚ್ಚುಗಳೂ ನನ್ನ ಮೇಜಿಗೇ ಬರುತ್ತಿದ್ದವು. ಒಮ್ಮೆ ಅವನ ಮುನ್ನುಡಿಯಲ್ಲಿ ‘ಕಲೆ’ ಎಂಬಲ್ಲಿ ‘ಕೊಲೆ’ ಎಂದು ಬಿದ್ದಿತ್ತು. ಎರಡೂ ಸರಿಯಾದ ಪದಗಳೇ ಆದ್ದರಿಂದ ಕಂಪ್ಯೂಟರ್ ಅದನ್ನು ತಪ್ಪೆಂದು ತೋರಿಸಿರಲಿಲ್ಲ; ನೋಡಿದವನು ನಾನೊಬ್ಬನೇ. ನಾನು ಪೆನ್ನು ಎತ್ತದೆ ಕೆಲವು ನಿಮಿಷ ಹಾಗೆಯೇ ಕುಳಿತಿದ್ದೆ. ಕೊನೆಗೆ ತಿದ್ದಿದೆ, ನಿಜ, ಆದರೆ ಆ ಕೆಲವು ನಿಮಿಷ ನನ್ನ ಮನಸ್ಸಿನಲ್ಲಿ ಏನಿತ್ತೆಂಬುದು ನನಗೂ ನನ್ನ ದೇವರಿಗೂ ಗೊತ್ತು. ಇದನ್ನು ಓದುತ್ತಿರುವ ಗೆಳೆಯನಿಗೆ ಈಗ ಗೊತ್ತಾಗುತ್ತಿದೆ.

ಏಳು ತಿಂಗಳ ಹಿಂದೆ ಒಂದು ಸಂಜೆ ಬಲಗಣ್ಣಿನ ಅಂಚಿನಲ್ಲಿ ಮಿಂಚು ಹೊಡೆದಂತಾಯಿತು. ಕಪ್ಪು ಚುಕ್ಕೆಗಳು ತೇಲತೊಡಗಿದವು; ಬೆಳಗಾಗುವ ಹೊತ್ತಿಗೆ ಒಂದು ಬದಿಯಿಂದ ಪರದೆ ಎಳೆದಂತೆ ನೋಟ ಮುಚ್ಚುತ್ತ ಬಂದಿತ್ತು. ಅಕ್ಷಿಪಟಲ ಒಳಗೋಡೆಯಿಂದ ಕಳಚಿಕೊಂಡಿದೆ, ತಡ ಮಾಡುವಂತಿಲ್ಲ ಎಂದರು ವೈದ್ಯರು. ಶಸ್ತ್ರಚಿಕಿತ್ಸೆ ಮಾಡಿ ಕಣ್ಣಿನೊಳಗೆ ಅನಿಲದ ಗುಳ್ಳೆಯೊಂದನ್ನು ಇರಿಸಿದರು. ಅದು ಮೇಲಕ್ಕೇರಿ ಪಟಲವನ್ನು ಅದರ ಜಾಗಕ್ಕೆ ಒತ್ತಿ ಹಿಡಿಯಬೇಕಾದ್ದರಿಂದ ನಾನು ಹಗಲೂ ರಾತ್ರಿಯೂ ಮುಖ ಕೆಳಗೆ ಮಾಡಿಕೊಂಡು ಇರಬೇಕಾಯಿತು. ಊಟಕ್ಕೂ ತಲೆ ಎತ್ತುವಂತಿರಲಿಲ್ಲ. ಜೀವಮಾನವೆಲ್ಲ ತಲೆ ತಗ್ಗಿಸಿ ಹಾಳೆ ನೋಡಿದವನಿಗೆ ಇದೇನು ಹೊಸದಲ್ಲ ಎಂದು ಶುಶ್ರೂಷಕಿಯೊಬ್ಬರಿಗೆ ತಮಾಷೆ ಮಾಡಿದ್ದೆ, ಆದರೆ ಆ ದಿನಗಳಲ್ಲಿ ಕಣ್ಣ ಕೆಳಗೆ ಹಾಳೆ ಇರಲಿಲ್ಲ, ನೆಲವಷ್ಟೇ ಇತ್ತು. ಕವಿಯಾಗಲಿಲ್ಲವಲ್ಲ ಎಂಬ ದುಃಖ ಆಗ ಒಂದು ಸಲವೂ ನನ್ನ ಹತ್ತಿರ ಸುಳಿಯಲಿಲ್ಲ. ನಾನು ಬೇಡಿಕೊಂಡದ್ದೆಲ್ಲ ಇನ್ನೊಮ್ಮೆ ದೀರ್ಘ ಯಾವುದು, ಹ್ರಸ್ವ ಯಾವುದು ಎಂದು ಕಾಣುವಷ್ಟು ನೋಟವನ್ನು.

ಆ ದಿನಗಳಲ್ಲಿ ನನ್ನ ಮಡದಿ ಮಂಚದ ಪಕ್ಕ ನೆಲದ ಮೇಲೆ ಕುಳಿತು ಬೈಬಲಿನ ಮತ್ತಾಯನ ಸುವಾರ್ತೆಯನ್ನು ಓದುತ್ತಿದ್ದಳು. 25ನೆಯ ಅಧ್ಯಾಯದಲ್ಲಿ ಯೇಸು ಹೇಳುವ ತಲಾಂತುಗಳ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ನಾನು ಬಾಲ್ಯದಿಂದ ಕೇಳಿದ್ದೇನೆ. ದೂರ ಹೊರಟ ಒಡೆಯನೊಬ್ಬ ತನ್ನ ಆಳುಗಳಿಗೆ ತಲಾಂತುಗಳ ಲೆಕ್ಕದಲ್ಲಿ ಹಣ ಒಪ್ಪಿಸುತ್ತಾನೆ: ಒಬ್ಬನಿಗೆ ಐದು, ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು. ಮೊದಲಿಬ್ಬರು ಅದನ್ನು ದುಡಿಸಿ ಎರಡರಷ್ಟು ಮಾಡುತ್ತಾರೆ, ಮೂರನೆಯವನು ನೆಲದಲ್ಲಿ ಹೂತಿಡುತ್ತಾನೆ. ಐದರವನನ್ನು ಎಲ್ಲರೂ ಹೊಗಳುತ್ತಾರೆ, ಹೂತಿಟ್ಟವನನ್ನು ಎಲ್ಲರೂ ಬೈಯುತ್ತಾರೆ, ನಡುವಿನವನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಅಂದು ಮಾತ್ರ, ಕಣ್ಣಿಗೆ ಕೆಲಸವಿಲ್ಲದೆ ಕಿವಿ ಚುರುಕಾಗಿದ್ದುದರಿಂದಲೋ ಏನೋ, ಒಡೆಯನು ಐದರವನಿಗೆ ಹೇಳಿದ ಮೆಚ್ಚುಗೆಯನ್ನೇ ಎರಡರವನಿಗೂ ಹೇಳುತ್ತಾನೆ ಎಂಬುದು ತಟ್ಟಿತು. 21ನೆಯ ವಚನವನ್ನೂ 23ನೆಯದನ್ನೂ ಮತ್ತೆ ಓದಿಸಿದೆ. ಪ್ರೂಫ್ ನೋಡುವವನಿಗೆ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ತಾಳೆ ನೋಡುವುದು ಅಭ್ಯಾಸ, ಮೆಚ್ಚುಗೆಯಲ್ಲಿ ವ್ಯತ್ಯಾಸವಿರಲಿಲ್ಲ. ‘ನೀನು ಐದು ತರಲಿಲ್ಲವೇಕೆ’ ಎಂದು ಒಡೆಯನು ಎರಡರವನನ್ನು ಕೇಳುವುದೇ ಇಲ್ಲ. ಆ ಪ್ರಶ್ನೆಯನ್ನು ಇಪ್ಪತ್ತಾರು ವರ್ಷ ಕೇಳುತ್ತಿದ್ದವನು ನಾನೇ.

ಅಂದಹಾಗೆ, ಆ ಕಾಲದ ಒಂದು ತಲಾಂತೆಂದರೆ ಸುಮಾರು 6,000 ದಿನಾರಿ (ಒಂದು ದಿನಾರಿ ಒಂದು ದಿನದ ಕೂಲಿಯ ನಾಣ್ಯ), ಕೂಲಿಯಾಳು ಹೆಚ್ಚುಕಡಿಮೆ ಇಪ್ಪತ್ತು ವರ್ಷ ದುಡಿದರೆ ಸಿಗುವಷ್ಟು ಹಣ. ಎಲ್ಲರಿಗಿಂತ ಕಡಿಮೆ ಪಡೆದವನ ಕೈಗೂ ಒಡೆಯನು ಇಟ್ಟದ್ದು ಚಿಲ್ಲರೆಯಲ್ಲ. ಅವನದು ಅವನಿಗೆ ಚಿಲ್ಲರೆಯಾಗಿ ಕಂಡಿತೋ ಇಲ್ಲವೋ ಕಥೆ ಹೇಳುವುದಿಲ್ಲ, ಹೆದರಿದೆ ಎಂದಷ್ಟೇ ಅವನು ಹೇಳುತ್ತಾನೆ. ನನಗೆ ನನ್ನದು ಹಾಗೆ ಕಂಡಿದ್ದಂತೂ ಹೌದು.

ನನ್ನ ಕೆಲಸ ಎಷ್ಟು ಬೆಲೆಯದ್ದೆಂದು ಹಿಂದೆ ಯಾರಾದರೂ ಸಮಾಧಾನಕ್ಕೆ ಹೇಳಿದರೆ ನಗುತ್ತಿದ್ದೆ. 1631ರಲ್ಲಿ ಲಂಡನ್ನಿನ ರಾಜಮುದ್ರಕರಾದ ರಾಬರ್ಟ್ ಬಾರ್ಕರ್ ಮತ್ತು ಮಾರ್ಟಿನ್ ಲ್ಯೂಕಸ್ ಅಚ್ಚು ಹಾಕಿದ ಬೈಬಲಿನಲ್ಲಿ ನಿಷೇಧ ಸೂಚಿಸುವ ಒಂದು ಪುಟ್ಟ ಪದ ಬಿಟ್ಟುಹೋಗಿ, ವ್ಯಭಿಚಾರ ಮಾಡಬಾರದೆಂಬ ಆಜ್ಞೆ ಮಾಡಬೇಕೆಂಬ ಆಜ್ಞೆಯಾಗಿಬಿಟ್ಟಿತು. ಮುದ್ರಕರಿಗೆ 300 ಪೌಂಡ್ ದಂಡ ಬಿತ್ತು, ಪ್ರತಿಗಳಲ್ಲಿ ಬಹುಪಾಲು ನಾಶವಾದವು. ಪಂಡಿತರೂ ಭಕ್ತರೂ ಕೂಡಿ ಸಿದ್ಧಪಡಿಸಿದ ಆ ಅನುವಾದಕ್ಕೆ ಅಂದು ಬೇಕಾಗಿದ್ದದ್ದು ಇನ್ನೊಬ್ಬ ಪಂಡಿತನಲ್ಲ, ಆ ಸಾಲಿನ ಮೇಲೆ ಬೆರಳಿಟ್ಟು ನಿಲ್ಲುವ ಒಬ್ಬ ಸಾಮಾನ್ಯ. ಈ ಪ್ರಸಂಗವನ್ನು ಎಷ್ಟೋ ಸಲ ಬೇರೆಯವರಿಗೆ ತಮಾಷೆಯಾಗಿ ಹೇಳಿದ್ದೆ, ನನಗೆ ನಾನು ಒಮ್ಮೆಯೂ ಹೇಳಿಕೊಂಡಿರಲಿಲ್ಲ.

ಕೃತಜ್ಞತೆ ಸಲ್ಲಬೇಕಾದವರಲ್ಲಿ ಮೊದಲಿಗರು ನನಗೆ ಈ ಕೆಲಸ ಕಲಿಸಿದ, ಈಗ ನಮ್ಮೊಂದಿಗಿಲ್ಲದ ಹಿರಿಯರು. ಪುಟವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದಿಸುತ್ತಿದ್ದರು, ಅರ್ಥದ ಬೆನ್ನು ಹತ್ತಿ ಓಡಿದರೆ ಅಕ್ಷರ ಕೈತಪ್ಪುತ್ತದೆಯೆಂದು. ನನ್ನ ಪದ್ಯಗಳನ್ನು ಅವರಿಗೆ ತೋರಿಸಿದಾಗ ಎಲ್ಲಿಯೂ ಕಾಗುಣಿತದ ತಪ್ಪಿಲ್ಲ ಎಂದಷ್ಟೇ ಹೇಳಿ ಮರಳಿಸಿದ್ದರು. ಆಗ ಬಂದ ಸಿಟ್ಟನ್ನು ಅವರ ಕಾಲಿಗೆ ಬಿದ್ದು ಹಿಂತೆಗೆದುಕೊಳ್ಳುವ ಅವಕಾಶ ಸಿಗಲಿಲ್ಲ. ನೋಟ ಮರಳಿಸಿದ ವೈದ್ಯರಿಗೆ, ರಾತ್ರಿಯಲ್ಲಿ ನಿದ್ದೆಯ ಮಂಪರಿನಲ್ಲಿ ನಾನು ಹೊರಳದಂತೆ ಕಾದ ಶುಶ್ರೂಷಕಿಯರಿಗೆ, ನನ್ನ ಪಾಲಿನ ಪುಟಗಳನ್ನು ತಾವು ಹಂಚಿಕೊಂಡು ಮೇಜನ್ನು ನನಗಾಗಿ ಹಾಗೆಯೇ ಉಳಿಸಿದ ಸಹೋದ್ಯೋಗಿಗಳಿಗೆ ನಾನು ಋಣಿ. ಮಡದಿಗೆ ಇಲ್ಲಿ ಹೇಳುವುದಿಲ್ಲ, ಅವಳಿಗೆ ಮುಜುಗರ.

ಇನ್ನು ಗೆಳೆಯ. ಅವನು ವಾರಕ್ಕೊಮ್ಮೆ ಬಂದು ನೆಲ ನೋಡುತ್ತಿದ್ದ ನನ್ನೊಡನೆ ತಾನೂ ನೆಲ ನೋಡುತ್ತ ಮಾತಾಡಿದ. ಹೊಸ ಸಂಕಲನ ಏನಾಯಿತು ಎಂದು ಕೇಳಿದ್ದಕ್ಕೆ, ಅಚ್ಚಿಗೆ ಸಿದ್ಧವಿದೆ, ನಿನ್ನ ಕಣ್ಣು ಸರಿಯಾಗಲಿ ಎಂದು ಕಾದಿದ್ದೇನೆ ಎಂದ. ಬೇರೆಯವರಿಗೆ ಕೊಡಬಹುದಿತ್ತಲ್ಲ ಎಂದೆ. ಅವನು ಉತ್ತರ ಕೊಡದೆ ಮಾತು ಬದಲಿಸಿದ. ನನ್ನ ಹೊಟ್ಟೆಕಿಚ್ಚು ಪೂರ್ತಿ ಆರಿದೆಯೆಂದು ನಾನು ಹೇಳಲಾರೆ. ಅವನ ಹೆಸರು ಪತ್ರಿಕೆಯಲ್ಲಿ ಕಂಡರೆ ಈಗಲೂ ಒಳಗೆ ಏನೋ ಸಣ್ಣಗೆ ಚುಚ್ಚುತ್ತದೆ. ಆದರೆ ಹೋದ ವಾರ ನಾನು ತಿದ್ದಿ ಮುಗಿಸಿದ್ದು ಅವನ ಆ ಪುಸ್ತಕವನ್ನೇ, ಮತ್ತು ಅದರ ಒಂದು ಪದ್ಯವನ್ನು, ಅಕ್ಷರ ನೋಡಲು ಕೆಳಗಿನಿಂದ ಮೇಲಕ್ಕೆ ಓದಿದ ಬಳಿಕ, ಬರಿಯ ಸಂತೋಷಕ್ಕಾಗಿ ಮೇಲಿನಿಂದ ಕೆಳಕ್ಕೆ ಇನ್ನೊಮ್ಮೆ ಓದಿದೆ. ಒಟ್ಟು 43 ತಪ್ಪುಗಳು ಸಿಕ್ಕಿವೆ. ಅರ್ಪಣೆಯ ಪುಟದಲ್ಲಿ ನನ್ನ ಹೆಸರಿನಲ್ಲೇ ಒಂದು ದೀರ್ಘ ತಪ್ಪಿತ್ತು. ಅದನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದ್ದೇನೆ.