ಆ ಮೊಟ್ಟೆಗಳನ್ನು ಅಲ್ಲೇ ಬಿಡು

ಚಿ. ಸೋಮುವಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ತೋಡಿನ ಬದಿ ಕಾಡು ಕಡಿಸುವಾಗ ಕಾಡುಕೋಳಿಯ ಮೊಟ್ಟೆ ಸಿಕ್ಕಿದವು, ನಾಟಿಕೋಳಿಗೆ ಕಾವು ಕೂರಿಸಲೇ ಎಂದು ಕೇಳಿದ್ದೀಯ. ಬೇಡಪ್ಪ. ಮುಟ್ಟದೆ ಅಲ್ಲೇ ಬಿಡು. ಆಳುಗಳನ್ನು ಬೇರೆ ಕಡೆಗೆ ಹಚ್ಚು, ನಾಯಿಯನ್ನು ಕಟ್ಟಿಹಾಕು. ಕಾವು ಕೂರುವುದು ಹೇಂಟೆಯೊಂದೇ, ಸುಮಾರು ಮೂರು ವಾರ. ಮರಿಗಳು ಒಡೆದು ಬಂದವೇ ತಾಯಿಯ ಹಿಂದೆ ಹೊರಟುಬಿಡುತ್ತವೆ. 1972ರ ವನ್ಯಜೀವಿ ಕಾಯ್ದೆ ಗೂಡು ಕೆದಕುವುದನ್ನೂ ಬೇಟೆಯೆಂದೇ ಎಣಿಸುತ್ತದೆ.

ಕಾಯ್ದೆಗಿಂತ ನನಗೆ ಹೆಚ್ಚಿನ ಚಿಂತೆ ಬೆರಕೆಯದು. ಊರಕೋಳಿಯ ಮೂಲ ಮುಖ್ಯವಾಗಿ ಉತ್ತರದ ಕೆಂಪು ಕಾಡುಕೋಳಿ. ಆದರೆ ಊರಕೋಳಿಯ ಕಾಲಿನ ಹಳದಿ ಬಣ್ಣ ನಮ್ಮ ಈ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರ ವಂಶವಾಹಿ ಅಧ್ಯಯನ ತೋರಿಸಿತು. ಅಂದರೆ ಇವೆರಡೂ ಕೂಡಬಲ್ಲವು. ನಿನ್ನ ಅಂಗಳದಲ್ಲಿ ಬೆಳೆದ ಮರಿ ನಾಟಿಕೋಳಿಯೊಡನೆ ಕೂಡಿ, ಅದರ ಸಂತತಿ ಕಾಡು ಸೇರಿದರೆ ಆ ಬೆರಕೆಯನ್ನು ಯಾರು ತಾನೇ ಹೆಕ್ಕಿ ತೆಗೆದಾರು? ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ ಇದು. ಕೊಕ್ಕರೆ ರೋಗಕ್ಕೆ, ಅಂದರೆ ಕೋಳಿಯಿಂದ ಕೋಳಿಗೆ ಹರಡುವ ರಾಣಿಖೇತ್ ರೋಗಕ್ಕೆ, ಸತ್ತ ಕೋಳಿಯನ್ನೂ ತೋಡಿನತ್ತ ಎಸೆಯಬೇಡ, ಆಳವಾಗಿ ಹೂಳು.

ಹುಂಜ ಬೆಳಿಗ್ಗೆ ತೋಟದ ರಸ್ತೆಗೆ ಬಂದಾಗ ಅದರ ಕತ್ತು ನೋಡು. ಒಂದೊಂದು ಕಪ್ಪು ಗರಿಯ ತುದಿಯಲ್ಲೂ ಹಳದಿ ಮೇಣ ತೊಟ್ಟಿಕ್ಕಿ ಗಟ್ಟಿಯಾದಂಥ ಚುಕ್ಕಿ. ವಿದೇಶದಲ್ಲಿ ಮೀನಿನ ಗಾಳಕ್ಕೆ ಹುಸಿನೊಣ ಕಟ್ಟಲು ಈ ಗರಿಯೇ ಬೇಕೆಂದು ಎಷ್ಟು ಹುಂಜಗಳನ್ನು ಹಿಡಿದರೋ! ಮಳೆಗಾಲದಲ್ಲಿ ಆ ಗರಿಗಳು ಉದುರಿ ಹುಂಜ ಮಂಕಾಗಿಬಿಡುತ್ತದೆ, ಕಾಯಿಲೆಯೆಂದುಕೊಳ್ಳಬೇಡ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಕೋವಿಗೆ ಪೂಜೆ ಮಾಡು, ತೆಂಗಿನಕಾಯಿಗೆ ಗುರಿಯಿಡು, ಅಷ್ಟು ಸಾಕು. ಉರುಳು ಕಂಡಲ್ಲಿ ಕಿತ್ತುಹಾಕು.

ಇನ್ನು ತೋಟದ ನೆರಳಿಗೆ ನೀನು ನೆಡಬೇಕೆಂದಿರುವ ಸಿಲ್ವರ್ ಓಕ್ ಮರದ ಮಾತು. ಮೆಣಸಿನ ಬಳ್ಳಿಗೆ ಅನುಕೂಲ, ಒಪ್ಪುತ್ತೇನೆ. ಆದರೆ ಅತ್ತಿ, ಹಲಸು ಕಡಿದು ಅದನ್ನೇ ತುಂಬಿಸಬೇಡ. ಕಾಡುಕೋಳಿಗೆ ನೆಲಕ್ಕುದುರಿದ ಹಣ್ಣು ಬೇಕು, ತರಗೆಲೆಯಡಿಯ ಗೆದ್ದಲು ಬೇಕು, ರಾತ್ರಿ ಕೂರಲು ಕೊಂಬೆ ಬೇಕು. ನಮ್ಮ ತೋಟಕ್ಕೂ ದೇವರಕಾಡಿಗೂ ನಡುವೆ ಅದು ಓಡಾಡುವುದು ಆ ತೋಡಿನ ಪೊದೆಯೊಳಗೇ. ಫೆಬ್ರವರಿಯಿಂದ ಮೇವರೆಗೆ ಮರಿ ಮಾಡುವ ಮುಖ್ಯ ಕಾಲ. ಅಲ್ಲಿಯವರೆಗೆ ಆ ಪಟ್ಟಿಗೆ ಕತ್ತಿ, ಮೆಷಿನ್ ಎರಡೂ ಬೇಡ. ಕಳೆಮದ್ದಂತೂ ಯಾವಾಗಲೂ ಬೇಡ. ಆಮೇಲೂ ಕಾಫಿ ಗಿಡದ ಬುಡವಷ್ಟೇ ಬಿಡಿಸಿದರೆ ಸಾಕು. ಮೇಸ್ತ್ರಿಗೆ ಇವತ್ತೇ ಹೇಳಿಬಿಡು, ನಾಳೆ ಬೆಳಿಗ್ಗೆ ಅವರು ಅಲ್ಲಿಂದಲೇ ಶುರುಮಾಡಿಯಾರು.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಮಾವ