‘ನಾನು ಕಾಫಿ ಬೇಕು’ ಅನ್ನುವವರಿಗೆ ಒಂದು ಪುಟ ವ್ಯಾಕರಣ ಕೊಡಿ

ಸಂಪಾದಕರಿಗೆ ನಮಸ್ಕಾರ,

ವ್ಯಾಕರಣ ಬೇಡ, ಸುಮ್ನೆ ಮಾತಾಡ್ತಾ ಹೋದರೆ ಕನ್ನಡ ತಾನಾಗಿ ಬರುತ್ತದೆ ಎಂದು ಈಗ ತುಂಬಾ ಜನ ಹೇಳುತ್ತಾರೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಹೊರರಾಜ್ಯದವರಿಗೆ ಕನ್ನಡ ಹೇಳಿಕೊಡುವ ನಾನೂ ಇದನ್ನೇ ನಂಬಿದ್ದೆ. ‘ಎಷ್ಟು’, ‘ಬನ್ನಿ’, ‘ಗೊತ್ತಿಲ್ಲ’ ಎಲ್ಲ ಎರಡೇ ವಾರಕ್ಕೆ ಬಾಯಿಗೆ ಬಂದವು. ಆಮೇಲೆ ಗಾಡಿ ಅಲ್ಲೇ ನಿಂತಿತು. ಮೂರು ತಿಂಗಳಾದರೂ ‘ನಾನು ಕಾಫಿ ಬೇಕು’, ‘ನಾನು ಕನ್ನಡ ಬರಲ್ಲ’.

ಒಂದು ದಿನ ಬೋರ್ಡಿನ ಮೇಲೆ ಹಿಂದಿಯ ‘ಮುಝೆ’ ಬರೆದು, ಪಕ್ಕದಲ್ಲಿ ‘ನನಗೆ’ ಎಂದು ಬರೆದೆ. ಅಷ್ಟೇ, ಅರ್ಧ ತಪ್ಪು ಅವತ್ತೇ ಹೋಯಿತು. ಮನೆಯಲ್ಲಿ ‘ಮುಝೆ ಚಾಯ್ ಚಾಹಿಯೆ’ ಅನ್ನುವವರು ಕನ್ನಡವನ್ನು ಮಾತ್ರ ಇಂಗ್ಲಿಷಿನ ‘ಐ ವಾಂಟ್’ ಮೂಲಕ ಕಲಿಯುತ್ತಿದ್ದರು. ಬೇಕು, ಬೇಡ, ಗೊತ್ತು, ಇಷ್ಟ, ಹಸಿವು, ಜ್ವರ, ಇವಕ್ಕೆಲ್ಲ ‘ನನಗೆ’ ಎಂದು ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಮುಂದಿನ ವಾರ ಮನೆಗೆ, ಊರಿಗೆ, ಮರಕ್ಕೆ. ಮೂರೂ ಒಂದೇ ‘ಗೆ’, ಆದರೆ ಪದ ಯಾವ ಸ್ವರದಲ್ಲಿ ಮುಗಿಯುತ್ತದೆ ಅನ್ನೋದರ ಮೇಲೆ ರೂಪ ಬದಲಾಗುತ್ತದೆ. ಇದನ್ನು ತಿಳಿದ ಮೇಲೆ ‘ಬೆಂಗಳೂರುಗೆ’ ಅನ್ನುತ್ತಿದ್ದವರು ತಾವೇ ‘ಮೈಸೂರಿಗೆ’, ‘ಆಫೀಸಿಗೆ’, ‘ಮಲ್ಲೇಶ್ವರಕ್ಕೆ’ ಅಂದರು. ನಾನು ಹೇಳಿಕೊಡದ ಪದಗಳನ್ನೂ ಅವರೇ ಸರಿಯಾಗಿ ಕಟ್ಟಿದರು, ಅದನ್ನು ಕೇಳಿ ಆದ ಸಂತೋಷ ಹೇಳತೀರದು! ಇನ್ನು ‘ಬರಲ್ಲ’ ಅಂತೂ ನಾನು, ನೀನು, ಅವಳು, ಅವರು ಎಲ್ಲರಿಗೂ ಒಂದೇ. ಹಿಂದಿಯ ‘ಆತಾ, ಆತೀ, ಆತೇ’ ನೋಡಿದವರಿಗೆ ಇದು ಎಷ್ಟು ಸುಲಭ, ಅಲ್ವಾ?

ಮಗು ವ್ಯಾಕರಣ ಓದಿ ಕಲಿಯುತ್ತದಾ ಅಂತ ಕೇಳುತ್ತಾರೆ. ಮಗುವಿಗೆ ವರ್ಷಗಟ್ಟಲೆ, ದಿನವಿಡೀ ಕನ್ನಡ ಕಿವಿಗೆ ಬೀಳುತ್ತದೆ. ಇವರಿಗೆ ಸಿಗೋದು ವಾರಕ್ಕೆ ಒಂದು ಗಂಟೆ, ಅದೂ ಸ್ವಲ್ಪ ತಡವರಿಸಿದರೆ ನಾವೇ ಇಂಗ್ಲಿಷಿಗೋ ಹಿಂದಿಗೋ ಹೊರಳಿಬಿಡುತ್ತೇವೆ.

ಶಾಲೆಯಲ್ಲಿ ನಾವು ಉರು ಹೊಡೆದ ಲೋಪಸಂಧಿ, ಆಗಮಸಂಧಿ ಇವರಿಗೆ ಬೇಡ, ಅದು ಮೊದಲೇ ಕನ್ನಡ ಬರುವ ಮಕ್ಕಳಿಗೆ ಮಾಡಿದ ಪಾಠ. ಆದರೆ ನವೆಂಬರ್ ಬಂದಾಗ ‘ಕನ್ನಡ ಕಲಿಯಿರಿ’ ಎಂದು ಐವತ್ತು ವಾಕ್ಯಗಳ ಪಟ್ಟಿ ಹಂಚುವವರು, ಪತ್ರಿಕೆಗಳೂ ಸೇರಿ, ಈ ಸಲ ಹತ್ತು ವಾಕ್ಯ ಕಡಿಮೆ ಮಾಡಿ ‘ಗೆ, ಅಲ್ಲಿ, ಇಂದ, ಅನ್ನು’ ಹೇಗೆ ಸೇರುತ್ತವೆ ಅನ್ನೋದನ್ನು ಒಂದು ಪುಟದಲ್ಲಿ ಹಾಕಿ. ನನ್ನ ಬೋರ್ಡಿನ ಪಾಠ ಬೇಕಿದ್ದರೆ ಖುಷಿಯಿಂದ ಬರೆದುಕೊಡುತ್ತೇನೆ.

– ಓದುಗ, ಬೆಂಗಳೂರು