ಭಾನುವಾರದ ಹರಟೆ: 1930ರ ವಿಮಾನ ಪಂದ್ಯ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ರಾತ್ರಿ 8ಕ್ಕೆ ಆಗಾ ಖಾನ್ ಬಹುಮಾನದ ಕಥೆ. ಇಂಗ್ಲೆಂಡ್–ಭಾರತದ ನಡುವೆ ಒಬ್ಬನೇ ಹಾರುವ ಮೊದಲ ಭಾರತೀಯನಿಗೆ 500 ಪೌಂಡ್. ಒಂದು ತಿಂಗಳೊಳಗೆ ಮುಟ್ಟಬೇಕು.

ಜೆ.ಆರ್.ಡಿ. ಟಾಟಾ ಕರಾಚಿಯಿಂದ ಹೊರಟರು. ಇನ್ನೂ ಹದಿಹರೆಯದ ಆಸ್ಪಿ ಇಂಜಿನಿಯರ್ ಅತ್ತಲಿಂದ ಬಂದರು. ಇಬ್ಬರದೂ ಜಿಪ್ಸಿ ಮಾತ್, ತಲೆ ಮೇಲೆ ಮುಚ್ಚಳವಿಲ್ಲದ ಪುಟ್ಟ ವಿಮಾನ. ಈಜಿಪ್ಟಿನ ಅಬೂಕಿರ್‌ನಲ್ಲಿ ನೋಡಿದರೆ ಆಸ್ಪಿ ಸ್ಪಾರ್ಕ್ ಪ್ಲಗ್ ಇಲ್ಲದೆ ಪರದಾಡುತ್ತಿದ್ದಾರೆ! ಟಾಟಾ ತಮ್ಮಲ್ಲಿದ್ದ ಹೆಚ್ಚುವರಿ ಪ್ಲಗ್ ಕೊಟ್ಟುಬಿಟ್ಟರು. ಎದುರಾಳಿಗೆ ಯಾರಾದ್ರೂ ಕೊಡ್ತಾರಾ? ಗೆದ್ದದ್ದು ಆಸ್ಪಿಯೇ, ಕೆಲವೇ ಗಂಟೆಗಳ ಅಂತರದಲ್ಲಿ. ಮುಂದೆ ವಾಯುಪಡೆಯ ಮುಖ್ಯಸ್ಥರೂ ಆದರು.

ಮನಮೋಹನ್ ಸಿಂಗ್ (ಪ್ರಧಾನಿ ಅಲ್ಲ, ಪೈಲಟ್) ಅವರೂ ಹಾರಿ ಮುಟ್ಟಿದ್ದರು, ಗಡುವು ಮೀರಿತ್ತು.

ಜಿಪ್ಸಿ ಮಾತ್ ಫೋಟೊ ಇದ್ದವರು ಹಾಕಿ. ಗುಡ್ ಮಾರ್ನಿಂಗ್ ಹೂವು ಮಾತ್ರ ಬೇಡ.